ನಕ್ಷತ್ರದ ಮೇಜು

ಜೂನ್ ೧೮

ಅಮ್ಮಾ,

ಮೊನ್ನೆ ಫೋನನ್ನು ನೀನೇ ಇಟ್ಟೆಯೋ, ತಾನಾಗಿ ಕಟ್ ಆಯಿತೋ ಗೊತ್ತಿಲ್ಲ. ಅತ್ತಿಗೆಯನ್ನು ಕೇಳಿದರೆ "ಮಗು ಕಿತ್ಕೊಂಡುಬಿಡ್ತು" ಎಂದರು. ಹುಟ್ಟಿ ಎರಡು ತಿಂಗಳಾದ ಕೂಸು ಅಜ್ಜಿಯ ಕೈಯಿಂದ ಫೋನ್ ಕಿತ್ತುಕೊಳ್ಳುತ್ತದೆ ಎಂದರೆ ಅದು ನಮ್ಮ ಮನೆಯದ್ದೇ ಸರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದವನ್ನಾದರೆ ನೀನು ಅರ್ಧಕ್ಕೆ ಬಿಡುವವಳಲ್ಲ, ತಪ್ಪು ತಿದ್ದುವುದಕ್ಕಾದರೂ ಕೊನೆಯವರೆಗೆ ಓದುತ್ತೀಯ.

ನಾನು ಹೇಳಹೊರಟದ್ದು ಇಷ್ಟೇ. ಈ ವರ್ಷ ನನಗೆ ಮೂರನೇ ಕ್ಲಾಸು ಕೊಟ್ಟಿದ್ದಾರೆ. ಅದರಲ್ಲಿ ಎಲ್ಲರೂ ರೇಡಿಯೋ ಎಂದು ಕರೆಯುವ ಹುಡುಗನೊಬ್ಬನಿದ್ದಾನೆ. ನಾನು ಪಾಠದ ಹೆಸರನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಅವನು ಇಡೀ ಪಾಠ ಓದಿ ಮುಗಿಸಿ ಅಕ್ಕಪಕ್ಕದವರಿಗೆ ವಾರ್ತೆ ಬಿತ್ತರಿಸುತ್ತಿರುತ್ತಾನೆ. ಅವನ ಹಿಂದಿನ ಬೆಂಚಿನಲ್ಲೇ ಎರಡು ಅಕ್ಷರ ಜೋಡಿಸುವಷ್ಟರಲ್ಲಿ ಬೆವರುವ ಮಕ್ಕಳಿದ್ದಾರೆ. ಎಲ್ಲರಿಗೂ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಹೇಳಿದರೆ ಅರ್ಧ ಜನ ಆಕಳಿಸುತ್ತಾರೆ, ಇನ್ನರ್ಧ ಜನ ಕಿಟಕಿಯಾಚೆ ನೋಡುತ್ತಾರೆ. ಐದು ಬೆರಳೂ ಒಂದೇ ಸಮ ಇರುತ್ತವೆಯೇ ಎಂದು ನೀನೇ ಹೇಳುತ್ತಿದ್ದೆಯಲ್ಲ.

ಅದಕ್ಕೆ ಬೆಂಚುಗಳನ್ನು ಉಗ್ರಾಣಕ್ಕೆ ಸಾಗಿಸಿ ಮೂರು ಅಗಲವಾದ ಮೇಜು ಹಾಕಿಸಿದ್ದೇನೆ. ಸೂರ್ಯ, ಚಂದ್ರ, ನಕ್ಷತ್ರ. ಕಥೆ ಒಂದೇ, ಬರಹ ಮೂರು. ಸೂರ್ಯನ ಮೇಜಿಗೆ ಪೂರ್ತಿ ಕಥೆ, ಚಂದ್ರನ ಮೇಜಿಗೆ ಚಿಕ್ಕ ಚಿಕ್ಕ ವಾಕ್ಯಗಳು, ನಕ್ಷತ್ರದ ಮೇಜಿಗೆ ಚಿತ್ರ ಮತ್ತು ಚಿತ್ರದ ಕೆಳಗೆ ಒಂದೆರಡು ಸಾಲು. ಮೂರನ್ನೂ ನಾನೇ ಬರೆದು, ಕತ್ತರಿಸಿ, ಅಂಟಿಸುತ್ತೇನೆ. ಇದನ್ನು ಕೇಳಿ ನೀನು "ಭಾಗ ಮಾಡೋಕೆ ಮಕ್ಕಳೇನು ಆಸ್ತಿನಾ?" ಎಂದೆ. ಆಮೇಲೆ ಮಗು ಫೋನ್ ಕಿತ್ತುಕೊಂಡಿತು.

ಒಂದು ಸಲ ಬಂದು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಗೋಂದು ಮೆತ್ತಿದ ಕೈಯಿಂದ,
ನಿನ್ನ ಮಗಳು


ಜೂನ್ ೨೭

ಮಗಳೇ,

ಫೋನ್ ಇಟ್ಟದ್ದು ನಾನೇ. ಸುಮ್ಮನೆ ಕೂಸಿನ ತಲೆಗೆ ಕಟ್ಟಬೇಡಿ. ಅದಕ್ಕಿನ್ನೂ ತನ್ನ ಕೈ ತನ್ನದೇ ಎಂಬುದು ಗೊತ್ತಿಲ್ಲ, ದಿನವಿಡೀ ಮುಷ್ಟಿಯನ್ನು ಬೆರಗಿನಿಂದ ನೋಡುತ್ತಾ ಮಲಗಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ, ಅದು ಸೀನಿದರೂ ನಿನ್ನ ಅಣ್ಣನಿಗೆ ಪ್ರತಿಭೆ ಕಾಣುತ್ತದೆ.

ಐದು ಬೆರಳು ಸಮ ಇಲ್ಲ, ಒಪ್ಪಿದೆ. ಮುಷ್ಟಿ ಕಟ್ಟುವಾಗ ಐದೂ ಒಟ್ಟಿಗೇ ಮಡಚಬೇಕು ಎಂದೂ ನಾನೇ ಹೇಳುತ್ತಿದ್ದೆ. ನಿನಗೆ ಬೇಕಾದ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೀಯ.

ರಿಟೈರ್ ಆಗುವ ದಿನದವರೆಗೂ ನನ್ನದು ಒಂದು ಬೋರ್ಡು, ಒಂದು ದನಿ. ಹಿಂದೆ ಬಿದ್ದವರನ್ನು ಸಂಜೆ ನಿಲ್ಲಿಸಿಕೊಂಡು ಹೇಳಿಕೊಡುತ್ತಿದ್ದೆನೇ ಹೊರತು ಎಲ್ಲರೆದುರು ಬೇರೆ ಮೇಜಿಗೆ ಅಟ್ಟಲಿಲ್ಲ. ಹುಳಿ ಹಣ್ಣಿಗೆ ಸಕ್ಕರೆ ಅಂತ ಹೆಸರಿಟ್ಟರೆ ನಾಲಿಗೆ ನಂಬುತ್ತದೆಯೇ? ನಕ್ಷತ್ರ ಎಂದರೆ ಯಾರು ಎಂದು ನಿನ್ನ ರೇಡಿಯೋವನ್ನೇ ಕೇಳಿ ನೋಡು, ವಾರ್ತೆ ಸರಿಯಾಗಿಯೇ ಬರುತ್ತದೆ.

ಸ್ವಂತ ಮಗಳು ನನ್ನ ಕ್ಲಾಸಿನಲ್ಲೇ ಕೂತಾಗಲೂ ನಾನು ಅವಳಿಗೊಂದು ಕಣ್ಣು, ಉಳಿದವರಿಗೊಂದು ಕಣ್ಣು ಮಾಡಿದವಳಲ್ಲ. ಅದು ಬೇರೆಯವರಿಗಿಂತ ನಿನಗೇ ಚೆನ್ನಾಗಿ ಗೊತ್ತು.

ಕಾಗದದಲ್ಲಿ ತಪ್ಪು ಇರಲಿಲ್ಲ. ಕೆಂಪು ಪೆನ್ನು ಸುಮ್ಮನೆ ತೆಗೆದಿಟ್ಟುಕೊಂಡಂತಾಯಿತು.

ಅಮ್ಮ


ಜುಲೈ ೧೫

ಅಮ್ಮಾ,

ನಿನ್ನ ಬಾಯಿ ಹರಕೆ ಅಂದರೆ ಹರಕೆ. ನಾನು ಕೇಳಬೇಕಾಗಿಯೇ ಬರಲಿಲ್ಲ, ರೇಡಿಯೋ ಎದ್ದು ನಿಂತು, "ಟೀಚರ್, ನಕ್ಷತ್ರ ಅಂದ್ರೆ ಓದೋಕೆ ಬರ್ದೇ ಇರೋರು ಅಲ್ವಾ?" ಎಂದ. ಅಷ್ಟರಲ್ಲಿ ನಕ್ಷತ್ರದ ಮೇಜಿನಿಂದ ಒಂದು ಸಣ್ಣ ದನಿ ಬಂತು: "ನಕ್ಷತ್ರ ಸೂರ್ಯನಿಗಿಂತ ದೊಡ್ಡದಿರುತ್ತೆ ಕಣೋ. ದೂರ ಇದೆ ಅಷ್ಟೇ."

ಹೇಳಿದವಳು ಗುಂಡುಸೂಜಿ. ಕಡ್ಡಿಯಂಥ ಮೈ, ಮೇಲೊಂದು ಗುಂಗುರು ಕೂದಲಿನ ದುಂಡು ತಲೆ. ಅದಕ್ಕೇ ಶಾಲೆಯಲ್ಲಿ ಆ ಹೆಸರು ಬಿದ್ದಿದೆ, ಅವಳಿಗೂ ಅದರಿಂದ ಬೇಜಾರಿಲ್ಲ. ಅಪ್ಪ ಬಸ್ ಡ್ರೈವರು, ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ. ಇಬ್ಬರದೂ ಪಾಳಿ ಕೆಲಸ. ಒಬ್ಬರು ಬಾಗಿಲು ತೆಗೆದು ಒಳಗೆ ಬರುವಾಗ ಇನ್ನೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಿರುತ್ತಾರಂತೆ.

ಮಾತಿನಲ್ಲಿ ಇಷ್ಟು ಚುರುಕಾಗಿರುವ ಮಗುವಿಗೆ ಓದು ಮಾತ್ರ ಬರುವುದಿಲ್ಲ. ಜೂನ್‌ನಲ್ಲಿ ನಿಜಕ್ಕೂ ಅಕ್ಷರಗಳಿಗೇ ತಡವರಿಸುತ್ತಿದ್ದಳು. ನಾನೊಂದು ನೀಲಿ ಪ್ಲಾಸ್ಟಿಕ್ ಸ್ಟೂಲು ತಂದು ಅವಳ ಪಕ್ಕ ಕೂತೆ. ಮಕ್ಕಳ ಸ್ಟೂಲು ಅದು, ಮೊಣಕಾಲು ಗದ್ದಕ್ಕೆ ತಾಗುತ್ತದೆ. ಪದದ ಕೆಳಗೆ ನನ್ನ ಬೆರಳಿಟ್ಟರೆ ಓದುತ್ತಾಳೆ. ಎರಡು ವಾರ ಒಳ್ಳೆಯ ಪ್ರಗತಿ ಕಂಡಿತು, ನಾನು ಬೀಗಿದೆ. ಆಮೇಲೆ ಕೆಸರಿನಲ್ಲಿ ಹೂತ ಗಾಡಿಯ ಹಾಗೆ ನಿಂತುಬಿಟ್ಟಳು. ನಾನು ಎದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಈಗ ಹೆಚ್ಚುಕಡಿಮೆ ಇಡೀ ಪೀರಿಯಡ್ಡು ಆ ಸ್ಟೂಲಿನ ಮೇಲೇ ಇರುತ್ತೇನೆ. ಸೂರ್ಯ, ಚಂದ್ರರು ತಮ್ಮ ಪಾಡಿಗೆ ಓದಿಕೊಳ್ಳುತ್ತಾರೆ.

ನನಗೆ ಹೆದರಿಕೆಯಾಗಿರುವುದು ಇದಕ್ಕೆ. ಆಗಸ್ಟ್ ಕೊನೆಗೆ ನಮ್ಮ ಹೆಡ್ ಮೇಡಂ ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು ಒಂದು ಪುಟ ಓದಿಸುತ್ತಾರೆ. ಓದದವರು ಎರಡನೇ ಕ್ಲಾಸಿಗೆ ವಾಪಸ್. ಎರಡನೇ ಕ್ಲಾಸಿನಲ್ಲಿ ಗುಂಡುಸೂಜಿಯ ತಮ್ಮನೇ ಇದ್ದಾನೆ. ಅಕ್ಕ ಹೋಗಿ ತಮ್ಮನ ಪಕ್ಕ ಕೂರಬೇಕು. ದಿನಾ ಬೆಳಿಗ್ಗೆ ಅವನ ಶೂ ಲೇಸು ಕಟ್ಟುವವಳು ಇವಳು.

ಇನ್ನೊಂದು ಮಾತು. ನೀನು ಬೇರೆ ಕಣ್ಣು ಮಾಡಿದವಳಲ್ಲ, ಗೊತ್ತು. ನಾನು ಕೈ ಎತ್ತಿದರೆ ನಿನ್ನ ನೋಟ ನನ್ನ ತಲೆಯ ಮೇಲಿಂದ ಹಾದು ಇನ್ನಾರ ಮೇಲೋ ಕೂರುತ್ತಿತ್ತು. ಒಮ್ಮೆ ಮರೆತು ಕ್ಲಾಸಿನಲ್ಲಿ 'ಅಮ್ಮಾ' ಎಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು, ನೀನು ನಗಲಿಲ್ಲ. ನನ್ನ ಮಕ್ಕಳ ಪಕ್ಕ ನಾನು ಸ್ಟೂಲು ಹಾಕಿಕೊಂಡು ಕೂರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ನಿನ್ನ ಮಗಳು


ಆಗಸ್ಟ್ ೧೦

ಅಮ್ಮಾ,

ನಿನ್ನಿಂದ ಉತ್ತರವಿಲ್ಲ. ಹೋದ ಕಾಗದದ ಕೊನೆಯ ಸಾಲುಗಳಿಂದ ಕೋಪ ಬಂದಿದ್ದರೆ ಅವಕ್ಕೆ ಕೆಂಪು ಗೀಟು ಎಳೆದುಬಿಡು. ಈಗ ನನಗೆ ನಿನ್ನ ಸಿಟ್ಟಿಗಿಂತ ಸಲಹೆ ಬೇಕು.

ಗುಂಡುಸೂಜಿಯ ಅಪ್ಪ ಬಂದಿದ್ದರು. ಯೂನಿಫಾರ್ಮಿನಲ್ಲೇ, ಬಸ್ಸನ್ನು ಡಿಪೋದಲ್ಲಿ ಬಿಟ್ಟು ನೇರ ಬಂದವರು, ಕುರ್ಚಿ ತೋರಿಸಿದರೂ ಕೂರಲಿಲ್ಲ. "ಟೀಚರ್, ಮನೇಲಿ ಓದ್ತಾಳೆ. ನನ್ನ ಬಸ್ಸಿನ ಬೋರ್ಡು ಓದ್ತಾಳೆ, ಔಷಧಿ ಡಬ್ಬಿ ಮೇಲಿಂದು ಓದ್ತಾಳೆ, ತಮ್ಮನಿಗೆ ಕಥೆ ಓದಿ ಮಲಗಿಸ್ತಾಳೆ. ಇಲ್ಲಿ ಯಾಕೆ ಓದಲ್ಲ ಅಂತ ನಂಗೆ ತಿಳೀತಿಲ್ಲ" ಎಂದರು. ನಾನು ತಲೆಯಾಡಿಸಿದೆ. ಮಗು ಕಥೆಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿರಬಹುದು, ಅಪ್ಪನಿಗೆ ಅದೇ ಓದು. ನಿನ್ನ ಹೆಗ್ಗಣದ ಗಾದೆ ನೆನಪಾಯಿತು, ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ತಮ್ಮನ ಪಕ್ಕ ಮಾತ್ರ ಕೂರಿಸ್ಬೇಡಿ ಟೀಚರ್, ಅವಳು ಅದನ್ನ ತಡ್ಕೊಳಲ್ಲ" ಎಂದರು.

ಈ ವಾರ ಛತ್ರಿ ಕಳೆದುಕೊಂಡ ತಾತನ ಕಥೆ ಮಾಡಿಸಿದೆ. ನಾನೇ ಕಟ್ಟಿದ್ದು. ಜೋರು ಮಳೆಯಲ್ಲಿ ತಾತ ಊರೆಲ್ಲ ತಿರುಗಿ ಛತ್ರಿ ಹುಡುಕುತ್ತಾನೆ, ಸಿಕ್ಕವರನ್ನೆಲ್ಲ ಬೈಯುತ್ತಾನೆ. ನಕ್ಷತ್ರದ ಮೇಜಿನ ಪುಸ್ತಕಕ್ಕೆ ಎಲ್ಲ ಪುಟಕ್ಕೂ ಚಿತ್ರ ಬಿಡಿಸಿ, ಕೊನೆಯ ಪುಟಕ್ಕೆ ಪುರುಸೊತ್ತಾಗದೆ ಮೂರು ಸಾಲು ಬರೆದು ಬಿಟ್ಟಿದ್ದೆ. ಪಾಠದ ನಡುವೆ ಸೂರ್ಯನ ಮೇಜಿನಲ್ಲಿ ರಬ್ಬರಿಗಾಗಿ ಯುದ್ಧ ಶುರುವಾಯಿತು. ಎದ್ದು ಹೋಗಿ ಬಿಡಿಸಿ ತಿರುಗಿ ನೋಡುತ್ತೇನೆ, ಗುಂಡುಸೂಜಿ ಕೊನೆಯ ಪುಟ ತೆಗೆದಿಟ್ಟುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ ನಗುತ್ತಿದ್ದಾಳೆ. "ಏನೇ ನಗು?" ಎಂದರೆ "ಏನಿಲ್ಲ ಟೀಚರ್." ಹಿಂದಿನ ಪುಟದ ತಾತನ ಮೀಸೆ ನೆನೆದು ನಕ್ಕಳೇನೋ, ನಾನು ಬಿಡಿಸಿದ ಮೀಸೆ ಹಾಗೇ ಇದೆ. ಪಕ್ಕ ಕೂತು "ಈ ಪುಟ ಓದು ನೋಡೋಣ" ಎಂದೆ. ಮೊದಲ ಅಕ್ಷರಕ್ಕೇ ನಿಂತಳು. ನನ್ನ ಬೆರಳು ಬರುವುದನ್ನು ಕಾಯುತ್ತಾ ಕೂತಳು. ನನಗೆ ಅಳು ಬರುವುದೊಂದು ಬಾಕಿ.

ಹೆಡ್ ಮೇಡಂ ಓದಿಸುವುದು ಇಪ್ಪತ್ತೊಂಬತ್ತಕ್ಕೆ. "ನಿಮ್ಮ ಮೂರು ಮೇಜಿನ ಆಟವೂ ಅವತ್ತೇ ತೀರ್ಮಾನ ಆಗ್ಲಿ" ಎಂದಿದ್ದಾರೆ. ಬಹುಶಃ ನೀನೇ ಸರಿ. ಬೆಂಚು ವಾಪಸ್ ತರಿಸಲೇ?

ನಿನ್ನ ಮಗಳು


ಆಗಸ್ಟ್ ೧೭

ಮಗಳೇ,

ಬೆಂಚು ತರಿಸಬೇಡ. ಅಮ್ಮ ಹೇಳಿದಳೆಂದು ಇವತ್ತೇ ಹೊತ್ತುಕೊಂಡು ಬಂದುಬಿಟ್ಟೀಯ ಎಂದು ಇದನ್ನೇ ಮೊದಲು ಬರೆದೆ.

ಜುಲೈ ಕಾಗದಕ್ಕೆ ಉತ್ತರ ಬರೆದು ಬರೆದು ಹರಿದೆ. ನೀನು 'ಅಮ್ಮಾ' ಎಂದ ದಿನ ನಾನು ನಗಲಿಲ್ಲ, ನಿಜ. ಬೋರ್ಡಿನ ಕಡೆ ತಿರುಗಿಕೊಂಡೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಅಷ್ಟು ಬರೆದರೆ ಸಾಕು, ಕೆಲಸದ ಮಾತಿಗೆ ಬರುತ್ತೇನೆ.

ನಿನ್ನ ಕಾಗದವನ್ನು ನೀನೇ ಇನ್ನೊಮ್ಮೆ ಓದು. ಚಿತ್ರವಿಲ್ಲದ ಪುಟ ನೋಡಿ ನಕ್ಕಳು ಎಂದು ಬರೆದಿದ್ದೀಯ. ಆ ಪುಟದಲ್ಲಿ ಇದ್ದದ್ದು ಮೂರು ಸಾಲು ಅಕ್ಷರ, ಬೇರೇನೂ ಇಲ್ಲ. ಅಕ್ಷರ ನೋಡಿ ನಗುವ ಮಗುವಿಗೆ ಏನು ಬರುತ್ತದೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಡ್ರೈವರು ಹೇಳಿದ್ದು ಅಪ್ಪನ ಮುದ್ದಲ್ಲ, ಕಣ್ಣಾರೆ ಕಂಡದ್ದು. ಅವಳು ಓದುತ್ತಾಳೆ. ನಿನ್ನೆದುರು ಮಾತ್ರ ಓದುವುದಿಲ್ಲ.

ಯಾಕೆ ಎಂದರೆ, ಒಂದು ಕನ್ನಡಕದ ವಿಷಯ ಹೇಳುತ್ತೇನೆ ಕೇಳು. ಇಷ್ಟು ದಿನ ಹೇಳಬೇಕಾದ ಸಂದರ್ಭ ಬಂದಿರಲಿಲ್ಲ.

ನೀನು ನನ್ನ ಮೂರನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಟೀಚರ್ ಮಗಳು ಮುಂದೆ ಕೂತರೆ ಜನ ಆಡಿಕೊಳ್ಳುತ್ತಾರೆ ಎಂದು ಅಲ್ಲಿ ಕೂರಿಸಿದವಳು ನಾನೇ. ಇದ್ದಕ್ಕಿದ್ದಂತೆ ಬೋರ್ಡಿನ ಲೆಕ್ಕಗಳನ್ನೆಲ್ಲ ತಪ್ಪು ತಪ್ಪಾಗಿ ಬರೆದುಕೊಳ್ಳತೊಡಗಿದೆ. ಕೇಳಿದರೆ "ಕಾಣಲ್ಲ" ಎಂದೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಿನ್ನನ್ನು ಹೊರಗೆ ಕೂರಿಸಿ, "ಟೀಚರ್, ಇದು ಹದ್ದಿನ ಕಣ್ಣು. ಬೇಕಾದ್ರೆ ಆಚೆ ಬೀದಿಯ ಅಂಗಡಿ ಬೋರ್ಡೂ ಓದ್ತಾಳೆ" ಎಂದರು. ನಾನು ಬಾಗಿಲ ಸಂದಿಯಿಂದ ನಿನ್ನನ್ನು ನೋಡಿದೆ. ಆಮೇಲೆ "ಆದ್ರೂ ಒಂದು ಕನ್ನಡಕ ಬರ್ಕೊಡಿ" ಎಂದೆ. "ನಂಬರ್ ಏನು ಹಾಕ್ಲಿ?" "ನಂಬರ್ ಬೇಡ. ಬರೀ ಗಾಜು." ಅವರು ನನ್ನ ಮುಖ ನೋಡಿದರು, ಬರೆದುಕೊಟ್ಟರು.

ಕನ್ನಡಕದವರು ಮೊದಲ ಬೆಂಚಿನಲ್ಲೇ ಕೂರಬೇಕು ಎಂಬುದು ನನ್ನ ಕ್ಲಾಸಿನ ನಿಯಮ. ಎಲ್ಲರಿಗೂ ಒಂದೇ ನಿಯಮ. ನೀನು ಮುಂದೆ ಬಂದಾಗ ಯಾರೂ ಚಕಾರ ಎತ್ತಲಿಲ್ಲ. ದಿನಾ ಬೆಳಿಗ್ಗೆ ಕ್ಲಾಸಿನ ಬಾಗಿಲಲ್ಲಿ ನಿನ್ನ ಕನ್ನಡಕ ತೆಗೆದು, ನನ್ನ ಕರವಸ್ತ್ರದಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸುತ್ತಿದ್ದೆ. ಒರೆಸುವಂಥದ್ದೇನೂ ಇರುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ನಿನ್ನ ಲೆಕ್ಕವೆಲ್ಲ ಸರಿಯಾಯಿತು.

ಅಮ್ಮನಿಗೆ ಟೋಪಿ ಹಾಕಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದರೆ, ಪರವಾಗಿಲ್ಲ, ಹಾಗೇ ಅಂದುಕೊಂಡಿರು. ಈಗ ನಿನ್ನ ನೀಲಿ ಸ್ಟೂಲು ಯಾವ ಮೇಜಿನ ಪಕ್ಕ ಇದೆ ನೋಡು. ಓದು ಬಂದ ದಿನ ಅದು ಅವಳ ಪಕ್ಕದಿಂದ ಎದ್ದು ಹೋಗುತ್ತದೆ.

ಅಮ್ಮ


ಸೆಪ್ಟೆಂಬರ್ ೨

ಅಮ್ಮಾ,

ಮೊದಲು ಸುದ್ದಿ: ಗುಂಡುಸೂಜಿ ಮೂರನೇ ಕ್ಲಾಸಿನಲ್ಲೇ ಇದ್ದಾಳೆ. ಇನ್ನು ನಿಧಾನವಾಗಿ ಓದು.

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಪಕ್ಕದ ಕ್ಲಾಸಿನ ಟೀಚರ್ "ಮನೇಲಿ ಎಲ್ಲಾ ಕ್ಷೇಮ ತಾನೇ?" ಎಂದು ಕೇಳಿದರು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕನ್ನಡಕ ಹಾಕಿದರೂ ಬೋರ್ಡು ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು ಅಮ್ಮಾ. ಎಂಥ ಒಳ್ಳೆಯ ಕನ್ನಡಕ, ಚೆನ್ನಾಗಿರುವ ಕಣ್ಣನ್ನೂ ಕೆಡಿಸುವುದಿಲ್ಲ ಎಂದುಕೊಂಡಿದ್ದೆ! ನಾಲ್ಕನೇ ಕ್ಲಾಸಿಗೆ ಬೇರೆ ಟೀಚರ್ ಬಂದ ಮೇಲೆ ಅದು ನನಗೆ ಬೇಡವಾಯಿತು, ಯಾಕೆಂದು ಈಗ ನಿನಗೆ ಹೇಳಬೇಕಾಗಿಲ್ಲ. ಕಳೆದುಹೋಯಿತು ಎಂದಾಗ ನೀನು ಬೈಯಲೂ ಇಲ್ಲ, ಹುಡುಕಲೂ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಮೇಜುಗಳ ಮೇಲಿನ ಸೂರ್ಯ, ಚಂದ್ರ, ನಕ್ಷತ್ರ ಎಲ್ಲವನ್ನೂ ಕಿತ್ತೆ. ಮೂರು ಬಗೆಯ ಪುಸ್ತಕವನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಿ, ಕಷ್ಟವಾದರೆ ಬದಲಿಸಿ, ಎಲ್ಲಿ ಬೇಕಾದರೂ ಕೂರಿ ಎಂದೆ. ಕೊನೆಗೆ ಸ್ಟೂಲನ್ನು ಎತ್ತಿ ಹಿಡಿದು, "ಇವತ್ತಿಂದ ಇದು ಎಲ್ಲಾ ಮೇಜಿಗೂ ಸರದಿ ಮೇಲೆ ಬರುತ್ತೆ. ಚೆನ್ನಾಗಿ ಓದೋರ ಹತ್ರನೂ ಬರುತ್ತೆ" ಎಂದೆ. ರೇಡಿಯೋ "ನಮ್ಮ ಹತ್ರ ಇಷ್ಟು ದಿನ ಯಾಕೆ ಬಂದಿಲ್ಲ?" ಎಂದು ಕೇಳಿದ. ಅವನೂ ಕಾಯುತ್ತಿದ್ದ ಎಂಬುದು ನನಗೆ ಹೊಳೆದಿರಲೇ ಇಲ್ಲ. ನನ್ನ ಕಣ್ಣಿಗೂ ನಂಬರ್ ಬೇಕಿತ್ತು.

ಗುಂಡುಸೂಜಿ ಎರಡು ದಿನ ಜಗ್ಗಲಿಲ್ಲ. ಸ್ಟೂಲು ಎಲ್ಲಿ ಹೋಗುತ್ತದೆ ಎಂದು ದೂರದಿಂದ ಗಮನಿಸುತ್ತಿದ್ದಳು. ಮೂರನೆಯ ದಿನ ನಾನು ರೇಡಿಯೋ ಪಕ್ಕ ಕೂತಿದ್ದಾಗ ಹಿಂದೆ ಬಂದು ನಿಂತಳು. ಕೈಯಲ್ಲಿ ಛತ್ರಿ ತಾತನ ಪೂರ್ತಿ ಪುಸ್ತಕ.

"ಟೀಚರ್, ಇದ್ರಲ್ಲಿ ತಾತನ ಜೊತೆ ಪೊಲೀಸೂ ಬರ್ತಾನೆ. ಆ ಚಿತ್ರದ ಪುಸ್ತಕದಲ್ಲಿ ಪೊಲೀಸೇ ಇಲ್ಲ."

"ಹೌದಾ? ಎಲ್ಲಿವರೆಗೂ ಓದ್ದೆ?"

ಅವಳು ನೆಲ ನೋಡಿದಳು. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿದಳು. "ಓದಿದ್ರೆ ನೀವು ಎದ್ದು ಹೋಗ್ತೀರಾ?"

"ಇಲ್ಲ ಮರಿ. ಓದಿದ್ರೂ ಬರ್ತೀನಿ, ಓದ್ದೇ ಇದ್ರೂ ಬರ್ತೀನಿ."

"ಹಾಗಾದ್ರೆ ಪೂರ್ತಿ ಓದ್ದೆ" ಎಂದಳು. ರೇಡಿಯೋ ಏನೂ ಹೇಳದೆ ಸರಿದು ಜಾಗ ಮಾಡಿಕೊಟ್ಟ. ಅವನು ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ಕಂಡೆ.

ಇಪ್ಪತ್ತೊಂಬತ್ತರಂದು ಹೆಡ್ ಮೇಡಂ ಕೋಣೆಯ ಹೊರಗೆ ನಾನು ಮತ್ತು ಡ್ರೈವರು ಗೋಡೆಗೆ ಒರಗಿ ನಿಂತಿದ್ದೆವು. ಮೇಡಂ ಶಾಲೆಯ ಪಠ್ಯದಿಂದ ಒಂದು ಪುಟ ಓದಿಸಿದರು. ಗುಂಡುಸೂಜಿಯ ದನಿ ಸಣ್ಣಗಿತ್ತು, ಆದರೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ "ಅದೇನು ಕೈಯಲ್ಲಿ?" ಎಂದದ್ದು ಕೇಳಿಸಿತು. ಛತ್ರಿ ತಾತನ ಪುಸ್ತಕವನ್ನು ಒಯ್ದಿದ್ದಳು. ಮೇಡಂ "ಓದು" ಎಂದರು. ಅವಳು ಕೊನೆಯ ಪುಟ ತೆಗೆದು ಓದಿದಳು: "ತಾತ ಮನೆಗೆ ಬಂದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು." ಇಲ್ಲಿ ಒಂದು ಗಳಿಗೆ ನಿಲ್ಲಿಸಿದಳು, ಕಥೆ ಹೇಳುವಾಗ ನಾನು ನಿಲ್ಲಿಸುವಂತೆಯೇ. "ಅಷ್ಟು ಹೊತ್ತು ಮಳೆಯಲ್ಲಿ ಹುಡುಕಿದರೂ ತಾತ ಒಂದು ಹನಿಯೂ ನೆನೆದಿರಲಿಲ್ಲ."

ಆಮೇಲೆ ಹೆಡ್ ಮೇಡಂ ನಕ್ಕರು. ಅವರು ನಗುತ್ತಾರೆ ಎಂಬುದೇ ಈ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಜವಾನ ಓಡಿ ಬಂದ. ಡ್ರೈವರು ಟೋಪಿ ತೆಗೆದು ಮುಖ ಒರೆಸಿಕೊಂಡು, "ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟರು, ಹೋದದ್ದು ಗೇಟಿನ ಕಡೆಗಲ್ಲ, ನಲ್ಲಿಯ ಕಡೆಗೆ. ಮೇಜುಗಳ ಬಗ್ಗೆ ಮೇಡಂ ಹೇಳಿದ್ದು ಒಂದೇ ಮಾತು: "ಬೆಂಚು ಉಗ್ರಾಣದಲ್ಲೇ ಇರ್ಲಿ ಬಿಡಿ."

ಎಲ್ಲವೂ ಸರಿಹೋಯಿತು ಎಂದಲ್ಲ. ಚಿತ್ರದ ಪುಸ್ತಕ ನಿಜವಾಗಿಯೂ ಬೇಕಾಗಿರುವ ನಾಲ್ಕು ಮಕ್ಕಳಿದ್ದಾರೆ, ಅವರನ್ನು ಕೆಳಗೆ ಕಳಿಸದೆ ಇನ್ನೊಂದಷ್ಟು ಸಮಯ ಕೇಳಿ ಪಡೆದಿದ್ದೇನೆ. ನೀನು ಮಾಡುತ್ತಿದ್ದಂತೆ ಸಂಜೆ ನಿಲ್ಲಿಸಿಕೊಳ್ಳುತ್ತೇನೆ. ಗುಂಡುಸೂಜಿಯೂ ನಿಲ್ಲುತ್ತಾಳೆ, ಬೆರಳಿಡುವ ಕೆಲಸ ಈಗ ಅವಳದು. ನಿನ್ನೆ ರೇಡಿಯೋ ಚಿತ್ರದ ಪುಸ್ತಕ ಎತ್ತಿಕೊಂಡ. ಯಾಕೋ ಎಂದರೆ, "ಇವತ್ತು ತಲೆನೋವು ಟೀಚರ್, ಕಷ್ಟದ್ದು ಬೇಡ" ಎಂದ. ಯಾರೂ ನಗಲಿಲ್ಲ.

ಅಮ್ಮಾ, ಎಲ್ಲರಿಗೂ ಒಂದೇ ಅಳತೆ ಎನ್ನುತ್ತಿದ್ದವಳು ನೀನು. ಆ ಗಾಜಿನ ಅಳತೆ ಎಲ್ಲಿ ಕಲಿತೆ?

ನಿನ್ನ ಮಗಳು


ಸೆಪ್ಟೆಂಬರ್ ೧೧

ಮಗಳೇ,

ಕಾಗದವನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ, ತಾತ ನೆನೆಯದೇ ಇದ್ದ ಜಾಗಕ್ಕೆ ಅವಳು ನಕ್ಕಳು. ಅವಳು ನಕ್ಕದ್ದು ಕಂಡು ಮಗು ನಕ್ಕಿತು. ಮಗು ಕಥೆ ಅರ್ಥ ಮಾಡಿಕೊಂಡಿತು ಎಂದು ನಿನ್ನ ಅಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಆ ಡ್ರೈವರಿಗೆ ನನ್ನ ನಮಸ್ಕಾರ ತಿಳಿಸು. ಹೆಗ್ಗಣದ ಗಾದೆಯನ್ನು ನಿನಗೆ ನೆನಪಿಸಿದವಳು ನಾನು ಎಂದು ಹೇಳಬೇಡ.

ಎಲ್ಲಿ ಕಲಿತೆ ಎಂದು ಕೇಳಿದ್ದೀಯ. ಎಲ್ಲೂ ಕಲಿಯಲಿಲ್ಲ. ಒಬ್ಬಳಿಗೆ ಮಾತ್ರ, ಒಂದೇ ಸಲ ಮಾಡಿದೆ. ಉಳಿದವರಿಗೂ ಮಾಡಬಹುದಿತ್ತು ಎಂಬುದನ್ನು ನಿನ್ನ ನಾಲ್ಕು ಕಾಗದಗಳಿಂದ ಈಗ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ಮಗುವನ್ನು ಅದರಮ್ಮನಿಗೆ ಒಪ್ಪಿಸಿ ಬರುತ್ತೇನೆ. ಆ ನಾಲ್ಕು ಮಕ್ಕಳಲ್ಲಿ ಇಬ್ಬರನ್ನು ನನಗೆ ಕೊಡು. ಸ್ಟೂಲು ನನಗೂ ಒಂದು ಬೇಕು, ಆದರೆ ಸ್ವಲ್ಪ ಎತ್ತರದ್ದು ಇರಲಿ. ನನ್ನ ಮೊಣಕಾಲು ನಿನ್ನದರಂತೆ ಗದ್ದದವರೆಗೆ ಬರುವುದಿಲ್ಲ.

ನಿನ್ನ ಕನ್ನಡಕ ಕಳೆದುಹೋಗಿರಲಿಲ್ಲ. ನಿನಗೆ ಚಿಕ್ಕದಾದ ಶೂಗಳನ್ನು ಯಾರಿಗೋ ಕೊಡಲು ತೆಗೆದಾಗ ಬಲಗಾಲಿನದರಲ್ಲಿ ಸಿಕ್ಕಿತು. ಅವತ್ತಿನಿಂದ ನನ್ನ ಹೊಲಿಗೆ ಡಬ್ಬಿಯಲ್ಲಿದೆ, ನಾನು ಹೋದಲ್ಲೆಲ್ಲ ಬರುವ ಡಬ್ಬಿ. ಅಂಚೆಯಲ್ಲಿ ಒಡೆಯದಿರಲೆಂದು ಮಗುವಿನ ಕಾಲುಚೀಲದೊಳಗೆ ಸೇರಿಸಿ ಇದರ ಜೊತೆ ಕಳಿಸುತ್ತಿದ್ದೇನೆ.

ಒರೆಸಿದ್ದೇನೆ.

ಅಮ್ಮ